ಲೆಕ್ಕದ ಪ್ರಶ್ನೆ: ಕರಣಿಗಳನ್ನು (√2, √8ರಂಥ ವರ್ಗಮೂಲಗಳನ್ನು) ಕೂಡುವಾಗ ಎಡವುವುದೆಲ್ಲಿ?

ಪ್ರಶ್ನೆ: √2 × √8 = √16 ಎಂದು ಬರೆದರೆ ಸರಿ. √2 + √8 = √10 ಎಂದರೆ ಮಾತ್ರ ತಪ್ಪು ಅನ್ನುತ್ತಾರೆ. ಏಕೆ? (ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಹಾಸನ)

ಉತ್ತರ: ಮೊದಲು ಬೆಲೆ ಹಾಕಿ ನೋಡಿ. √2 ಸುಮಾರು 1.414, √8 ಸುಮಾರು 2.828, ಕೂಡಿದರೆ 4.242. √10 ಆದರೋ ಬರೀ 3.162. ಎಲ್ಲಿ ಕಳೆದುಹೋಯಿತು? (√2 + √8) ಅನ್ನು ವರ್ಗ ಮಾಡಿ: 2 + 8 + 2√16. ನೀವು ಬಿಟ್ಟದ್ದು ಆ ಕೊನೆಯ ಪದವನ್ನು. ಅದರ ಬೆಲೆ 8. ಹತ್ತಕ್ಕೆ ಎಂಟು ಸೇರಿ 18, ಆದ್ದರಿಂದ ಸರಿಯುತ್ತರ √18. ಗುಣಾಕಾರದಲ್ಲಿ ಈ ತೊಡಕಿಲ್ಲ. (√2 × √8) ರ ವರ್ಗ 2 × 8, ಅಷ್ಟೇ.

12ನೇ ಶತಮಾನದ ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಹೇಳುವ ಕ್ರಮವೂ ಇದೇ. ಮೂಲಚಿಹ್ನೆಯೊಳಗಿನ ಎರಡು ಸಂಖ್ಯೆಗಳ ಮೊತ್ತ ‘ಮಹತೀ’ (ಇಲ್ಲಿ 10), ಅವುಗಳ ಗುಣಲಬ್ಧದ ವರ್ಗಮೂಲದ ಇಮ್ಮಡಿ ‘ಲಘು’ (ಇಲ್ಲಿ 8). ಇವೆರಡನ್ನು ಕೂಡಿದರೆ 18, ಕಳೆದರೆ 2; ಇವು ಮೊತ್ತದ ಮತ್ತು ವ್ಯತ್ಯಾಸದ ವರ್ಗಗಳು. ಅಂದರೆ √8 − √2 = √2. ಎಷ್ಟು ಚೊಕ್ಕ ಲೆಕ್ಕ ನೋಡಿ!

ಶಾಲೆಯ ದಾರಿ: √8 = √(4 × 2) = 2√2. ಒಂದು √2, ಇನ್ನೆರಡು √2, ಒಟ್ಟು 3√2. ಅದೇ √18. √2 + √3 ಮಾತ್ರ ಹೀಗೆ ಬೆರೆಯದು, ಹಾಗೆಯೇ ಬಿಡಿ.

ಪ್ರಶ್ನೆ: √72 = 3√8 ಎಂದು ಬರೆದೆ. ಪೂರ್ತಿ ಅಂಕ ಬರಲಿಲ್ಲ.

ಉತ್ತರ: ತಪ್ಪಲ್ಲ, ಅರ್ಧಕ್ಕೆ ನಿಂತಿದೆ. 8ರೊಳಗೆ ಇನ್ನೂ 4 ಇದೆ. 72 = 2 × 2 × 2 × 3 × 3. ಜೋಡಿಗೊಂದರಂತೆ 2 ಮತ್ತು 3 ಹೊರಬರುತ್ತವೆ, ಒಂಟಿ 2 ಒಳಗುಳಿಯುತ್ತದೆ. ಹೊರಬಂದವನ್ನು ಗುಣಿಸಬೇಕು, ಕೂಡಬಾರದು: 6√2.

ಪ್ರಶ್ನೆ: 6/(√5 − √2) ರ ಛೇದವನ್ನು ಅಕರಣೀಕರಿಸಲು (ಕರಣಿಯಿಲ್ಲದಂತೆ ಮಾಡಲು) ಮೇಲೂ ಕೆಳಗೂ (√5 − √2) ರಿಂದಲೇ ಗುಣಿಸಿದೆ. ಕರಣಿ ಹೋಗಲೇ ಇಲ್ಲ.

ಉತ್ತರ: ಹೋಗದು. ಹಾಗೆ ಗುಣಿಸಿದರೆ ಛೇದ 7 − 2√10 ಆಗುತ್ತದೆ. ನಡುವಿನ ಚಿಹ್ನೆ ಬದಲಿಸಿ (√5 + √2) ರಿಂದ ಗುಣಿಸಿ. ಆಗ ಛೇದ 5 − 2 = 3, ಉತ್ತರ 2(√5 + √2). ತಾಳೆ ನೋಡಲು √5ಕ್ಕೆ 2.236 ಹಾಕಿ: 6 ÷ 0.822 ಸುಮಾರು 7.30, 2 × 3.650 ಕೂಡ 7.30.