ತೋಟದಲ್ಲಿ ಸಿಕ್ಕ ಉಡದ ಮರಿ ಸಾಕಬಹುದಾ?

ಮರಗಸಿ (ಕಾಫಿ ತೋಟದ ನೆರಳು ಮರಗಳ ಕೊಂಬೆ ಕಡಿಯೋದು) ಮಾಡುವಾಗ ಉಡದ ಮರಿ ಸಿಕ್ತು, ಹಳೇ ಮೀನಿನ ಟ್ಯಾಂಕಲ್ಲಿ ಇಟ್ಟಿದೀನಿ, ಚಿಕನ್ ಹಾಕಿದ್ರೂ ಮುಟ್ತಿಲ್ಲ ಅಂತ ಕೇಳಿದೀರ. ನಾನೂ ಮೂಡಿಗೆರೆ ಕಡೆಯವನೇ, ಅದಕ್ಕೆ ಬರೀತಿದೀನಿ.

ಸಾಕೋ ಹಾಗಿಲ್ಲ ಸಾರ್. 1972ರ ವನ್ಯಜೀವಿ ಕಾಯ್ದೇಲಿ ನಮ್ ಉಡ ಶೆಡ್ಯೂಲ್ ಒಂದರಲ್ಲಿದೆ, ಹುಲಿ ಇರೋ ಪಟ್ಟಿನೇ. 3ರಿಂದ 7 ವರ್ಷ ಜೈಲು. ಪ್ರೀತಿಯಿಂದ ಇಟ್ಕೊಂಡಿದ್ದೆ ಅಂದ್ರೆ ರೇಂಜರ್ ಕೇಳಲ್ಲ.

ಇನ್ನು ತಿಂತಿಲ್ಲ ಅಂದಿದ್ದು. ಬಹುಶಃ ಚಳಿಗೆ. ಉಡ ಬಿಸಿಲು ಕಾಯಿಸ್ಕೊಂಡು ಮೈ 35 ಡಿಗ್ರಿ ಆಸುಪಾಸು ಬಂದ್ಮೇಲೇನೇ ಸರಿಯಾಗಿ ಓಡಾಡೋದು, ತಿನ್ನೋದು, ತಿಂದಿದ್ದು ಅರಗೋದು, ಮೈ ತಣ್ಣಗಿರುವಾಗ ಬಾಯಿಗೆ ತುರುಕಿದ್ರೆ ಹೊಟ್ಟೇಲೇ ಕೊಳೆಯುತ್ತೆ, ದಯವಿಟ್ಟು ಹಾಗೆ ಮಾಡ್ಬೇಡಿ.

ನಮ್ ಚಿಕ್ಕಪ್ಪನ ಮಗ ಅಮೆರಿಕಾದಲ್ಲಿ ಸವಾನಾ ಮಾನಿಟರ್ ಅನ್ನೋ ಆಫ್ರಿಕಾದ ಉಡ ಸಾಕಿದಾನೆ, ಅವನಿರೋ ಕಡೆ ಅದಕ್ಕೆ ಅಡ್ಡಿಯಿಲ್ಲ. ವಿಡಿಯೋ ಕಾಲಲ್ಲಿ ತೋರಿಸ್ದ, ಗೂಡು 8 ಅಡಿ ಉದ್ದ 4 ಅಡಿ ಅಗಲ, ಒಳಗೆ 2 ಅಡಿ ಆಳ ಪಸೆ ಇರೋ ಮಣ್ಣು, ಯಾಕಂದ್ರೆ ಬಿಲ ತೋಡದೆ ಅದಕ್ಕೆ ಬದುಕೋಕಾಗಲ್ಲ, ಒಣ ಮರಳಾದ್ರೆ ಬಿಲ ಕುಸಿಯುತ್ತೆ. ಒಂದು ಮೂಲೇಲಿ ಬಲ್ಬಿನ ಕೆಳಗೆ ಚಪ್ಪಡಿ ಕಲ್ಲು, ಅದರ ಮೇಲ್ಮೈ 55-60 ಡಿಗ್ರಿ, ಕೈ ಇಡಕ್ಕಾಗಲ್ಲ, ಅದು ಮಾತ್ರ ಹೊಟ್ಟೆ ಚಪ್ಪಟೆ ಮಾಡ್ಕೊಂಡು ಆರಾಮಾಗಿ ಬಿದ್ದಿರುತ್ತೆ. ಇನ್ನೊಂದು ಮೂಲೆ ತಂಪು. ಮೂಳೆ ಸೊಟ್ಟಗಾಗದೆ ಇರ್ಲಿ ಅಂತ ಯುವಿಬಿ ಲೈಟು, ಅಂದ್ರೆ ಬಿಸಿಲಲ್ಲಿರೋ ಅತಿನೇರಳೆ ಕಿರಣ ಕೊಡೋ ದೀಪ. ಊಟಕ್ಕೆ ಜಿರಳೆ, ಮಿಡತೆ, ಬಸವನಹುಳು, ಮೇಲೆ ಕ್ಯಾಲ್ಸಿಯಂ ಪುಡಿ. ಬರೀ ಇಲಿ ಹಾಕಿ ಸಾಕಿದ್ರೆ ಕೊಬ್ಬು ಹಿಡಿದು ಲಿವರ್ ಹೋಗುತ್ತಂತೆ. ನೀವು ಹಾಕ್ತಿರೋ ಮೂಳೆ ತೆಗೆದ ಚಿಕನ್ನಲ್ಲೂ ಕ್ಯಾಲ್ಸಿಯಂ ಇಲ್ಲ.

ಇಷ್ಟನ್ನೂ ಜುಲೈ ತಿಂಗಳ ಮೂಡಿಗೆರೇಲಿ ಮಾಡೋದು ಹೆಂಗೆ? ವಾರಗಟ್ಲೆ ಬಿಸಿಲಿಲ್ಲ, ಸಿಲ್ವರ್ ಮರ ಲೈನ್ ಮೇಲೆ ಬಿದ್ರೆ ಎರಡು ದಿನ ಕರೆಂಟಿಲ್ಲ, ಯುಪಿಎಸ್ಸು ಫೋನ್ ಚಾರ್ಜಿಗೇ ಸಾಲಲ್ಲ. ಈಗ ಗೇಣುದ್ದ ಇರೋ ಮರಿ ಐದಡಿವರೆಗೂ ಬೆಳೆಯುತ್ತೆ. ತೋಟದಲ್ಲಾದ್ರೆ ಬಂಡೆ, ಹುತ್ತ, ಬಸವನಹುಳು ಎಲ್ಲಾ ಬಿಟ್ಟಿ.

ಇವತ್ತೇ ಫಾರೆಸ್ಟ್ ಆಫೀಸಿಗೆ ಫೋನ್ ಮಾಡಿ. ಅವರು ಬರೋವರೆಗೆ ತೂತು ಮಾಡಿದ ರಟ್ಟಿನ ಡಬ್ಬೀಲಿ ಕತ್ತಲೇಲಿ ಇಡಿ, ಚಿಕ್ಕ ತಟ್ಟೇಲಿ ನೀರು, ಊಟ ಬೇಡ. ಮುಟ್ಟಿದ್ರೆ ಸೋಪ್ ಹಾಕಿ ಕೈ ತೊಳೀರಿ. ಮರಿ ಉಡ ಕಚ್ಚಿದ್ರೆ ಸತ್ತೇ ಹೋಗ್ತಾರೆ ಅಂತ ಆಳುಗಳು ಹೇಳ್ತಾರೆ, ಅದು ಸುಳ್ಳು, ಗಾಯ ಆಗುತ್ತೆ ಅಷ್ಟೆ. ಫೋಟೋ ಮಾತ್ರ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ, ಫಾರೆಸ್ಟಿನೋರಿಗಿಂತ ಮೊದ್ಲು ಮಂಡಿನೋವಿಗೆ ಉಡದೆಣ್ಣೆ ಕೇಳ್ಕೊಂಡು ಬರೋರೇ ಜಾಸ್ತಿ.