ಗಲ್ಫ್‌ನಿಂದ ತಂದ ಹಳೇ ಬೆಂಜ್‌ಗೆ ಪೆಟ್ರೋಲ್ ಸೀಲ್ ಎಲ್ಲಿ ಸಿಗುತ್ತದೆ?

ಅಪ್ಪ ಗಲ್ಫ್‌ನಿಂದ ತಂದ 230ಇ, ಪೆಟ್ರೋಲ್ ಜಿನುಗುತ್ತಿದೆ, ಸೀಲ್ ಎಲ್ಲೂ ಇಲ್ಲ, ಸದ್ಯಕ್ಕೆ ಅಂಟು ಹಚ್ಚಿ ಓಡಿಸಲಾ ಅಂತ ಕೇಳಿದ್ದೀರಿ. ಬದಿಯಡ್ಕದ ನಮ್ಮ ಅಂಗಳದಲ್ಲೂ ಅದೇ ಕಾರು ನಿಂತಿತ್ತು. ಸೋದರಮಾವ ತಂದದ್ದು.

ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಹಂಚುವ ಫ್ಯೂಯೆಲ್ ಡಿಸ್ಟ್ರಿಬ್ಯೂಟರಿನ ಒಂದು ಓ-ರಿಂಗ್, ಅಂದರೆ ಬಳೆಯಂಥ ರಬ್ಬರ್ ಸೀಲ್, ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಕಾಸರಗೋಡಿನಲ್ಲಿ ಇಲ್ಲ, ಮಂಗಳೂರಿನಲ್ಲಿ ಇಲ್ಲ. ಕೊನೆಗೆ ಬ್ರೇಕ್ ಸಾಮಾನಿನ ಅಂಗಡಿಯೊಂದರಲ್ಲಿ ಹಳೇ ರಿಂಗಿನ ಪಕ್ಕ ಇಟ್ಟು ನೋಡಿ, ಅದೇ ಅಳತೆಯ ಕಪ್ಪು ರಿಂಗ್ ತಂದೆ. ಅಚ್ಚುಕಟ್ಟಾಗಿ ಕೂತಿತು.

ಅಳತೆ ನೋಡಿದೆ, ಯಾವ ರಬ್ಬರ್ ಅಂತ ಕೇಳಲಿಲ್ಲ. ಅದು ಇಪಿಡಿಎಂ ಎಂಬ ಜಾತಿಯ ರಬ್ಬರ್. ಬ್ರೇಕ್ ಆಯಿಲ್‌ಗೆ, ನೀರಿಗೆ ಬಹಳ ಒಳ್ಳೆಯದು. ಪೆಟ್ರೋಲ್ ತಾಗಿದರೆ ಹೀರಿಕೊಂಡು ಉಬ್ಬುತ್ತದೆ. ನೈಟ್ರೈಲ್ ಎಂಬ ಇನ್ನೊಂದು ರಬ್ಬರ್ ಇದಕ್ಕೆ ಉಲ್ಟಾ, ಪೆಟ್ರೋಲ್‌ಗೆ ಆಗುತ್ತದೆ, ಬ್ರೇಕ್ ಆಯಿಲ್‌ಗೆ ಆಗದು. ಎರಡೂ ಕಪ್ಪು. ಕೈಯಲ್ಲಿ ಹಿಡಿದರೆ ಏನೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾಲ್ಕನೇ ದಿನ ಕುಂಬಳೆ ಹತ್ತಿರ ಹೈವೇಯಲ್ಲಿ ಕಾರಿನೊಳಗೆ ಪೆಟ್ರೋಲ್ ವಾಸನೆ. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಬಾನೆಟ್ ಎತ್ತಿದರೆ ಬಿಸಿ ಇಂಜಿನ್ ಪಕ್ಕದಲ್ಲೇ ಪೆಟ್ರೋಲ್ ಒಸರುತ್ತಿದೆ. ಆಮೇಲೆ ಬಿಚ್ಚಿದ ರಿಂಗ್ ನೆನೆಹಾಕಿದ ಕಡಲೆಯಂತೆ ಊದಿಕೊಂಡಿತ್ತು. ಎಷ್ಟು ಒತ್ತಿದರೂ ಮತ್ತೆ ತನ್ನ ಕಚ್ಚಿನೊಳಗೆ (ರಿಂಗ್ ಕೂರುವ ತೋಡಿನೊಳಗೆ) ಕೂರಲಿಲ್ಲ. ಆ ದಿನ ನೆನಪಾದರೆ ಈಗಲೂ ಕೈ ತಣ್ಣಗಾಗುತ್ತದೆ.

ಅಂಟಿನ ಮಾತು ಬಿಡಿ. ಆ ಪೆಟ್ರೋಲ್ ಲೈನಿನಲ್ಲಿ 5 ಬಾರ್ ಆಸುಪಾಸು ಪ್ರೆಶರ್ ಇದೆ, ಅಂಟು ತಡೆಯದು. 'ಬೆಂಜ್ ಸೀಲ್' ಅಂತ ಹುಡುಕುವುದನ್ನೂ ಬಿಡಿ. ನಿಮ್ಮ ಕಾರು ಅಪರೂಪ ಇರಬಹುದು, ಅದರೊಳಗೆ ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಬಾಷ್ ಕಂಪನಿಯ ಕೆ-ಜೆಟ್ರಾನಿಕ್ (ಆಮೇಲಿನ 230ಇ ಆದರೆ ಕೆಇ-ಜೆಟ್ರಾನಿಕ್) ಹಾಗಲ್ಲ. 1970ರ ದಶಕದಿಂದ ವೋಲ್ವೊ, ಆಡಿ, ಫೋಕ್ಸ್‌ವ್ಯಾಗನ್, ಪೋರ್ಷೆ ಕಾರುಗಳಲ್ಲೂ ಅದೇ ಪದ್ಧತಿ ಬಂದಿದೆ. ಡಿಸ್ಟ್ರಿಬ್ಯೂಟರಿನ ಮೈ ಉಜ್ಜಿ ನೋಡಿ, 0438ರಿಂದ ಶುರುವಾಗುವ 10 ಅಂಕಿಯ ನಂಬರ್ ಇರುತ್ತದೆ. ರಿಪೇರಿ ಕಿಟ್ ಕೇಳಬೇಕಾದ್ದು ಆ ನಂಬರಿನಲ್ಲಿ.

ನಾನು ಕಿಟ್‌ಗೆ ಕಾಯಲಿಲ್ಲ. ಕೆಂಪುಕಲ್ಲು ಕೋರೆಯ ಜೆಸಿಬಿಗಳಿಗೆ ಹೈಡ್ರಾಲಿಕ್ ಸೀಲ್ ಕೊಡುವ ಅಂಗಡಿಗೆ ಹೋಗಿ ವೈಟಾನ್ ಎಂಬ ಇನ್ನೂ ಗಟ್ಟಿಮುಟ್ಟಾದ ರಬ್ಬರಿನ ಓ-ರಿಂಗ್ ಕೇಳಿದೆ, ಸಿಕ್ಕಿತು. ಈಗ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಎಥನಾಲ್ ಇದೆ, ನೈಟ್ರೈಲ್‌ಗಿಂತ ವೈಟಾನೇ ಭದ್ರ. ವರ್ನಿಯರ್ (ಮಿಲಿಮೀಟರಿನ ಭಾಗವನ್ನೂ ಅಳೆಯುವ ಅಳತೆಗೋಲು) ಹಿಡಿದು ರಿಂಗ್ ಕೂರುವ ಕಚ್ಚನ್ನೇ ಅಳೆಯಿರಿ. ಹಳೇ ರಿಂಗ್ ಚಪ್ಪಟೆಯಾಗಿ ಅಳತೆ ಕೆಟ್ಟಿರುತ್ತದೆ. ಒಂದು ರಿಂಗ್ ಜಾಸ್ತಿ ತನ್ನಿ. ಅದನ್ನು ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ಹಾಕಿ, ಮುಚ್ಚಿ, ಒಲೆಯಿಂದ ದೂರ ಎರಡು ದಿನ ಇಡಿ. ಉಬ್ಬಿದ್ದು ಕಂಡರೆ ಅಂಗಡಿಗೆ ವಾಪಸು ಕೊಡಿ.

ಪೈಪಿನ ತಾಮ್ರದ ವಾಷರ್‌ಗಳನ್ನೂ ಹೊಸದೇ ಹಾಕಿ. ಇಂಜಿನ್ ಆಫ್ ಆಗಿ ಎಷ್ಟೋ ಹೊತ್ತಿನವರೆಗೆ ಲೈನಿನಲ್ಲಿ ಪ್ರೆಶರ್ ಉಳಿದಿರುತ್ತದೆ, ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಿ. ಸೀಲ್ ಬದಲಾಗುವವರೆಗೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ. ಕಾರನ್ನು ಶೆಡ್ಡಿನಿಂದ ಹೊರಗೆ ತಳ್ಳಿ ನಿಲ್ಲಿಸಿ.