ವಿಮೋಚನೆ ಅನ್ನುವ ಮಾತು ಬೈಬಲಿನದೇ

ಪ್ರಶ್ನೆ: ಹೋದ ಭಾನುವಾರ ನಮ್ಮ ಫಾದರ್ ಪ್ರಬೋಧನೆಯಲ್ಲಿ ಕಾಫಿ ತೋಟದ ಕೂಲಿಯವರ ಸಂಬಳದ ಬಗ್ಗೆ ಮಾತಾಡಿದರು. ಹೊರಗೆ ಬಂದ ಮೇಲೆ ಹಿರಿಯರೊಬ್ಬರು "ಇದೆಲ್ಲ ವಿಮೋಚನಾ ದೈವಶಾಸ್ತ್ರ, ಶಿಲುಬೆ ಹಾಕಿಕೊಂಡ ಕಮ್ಯುನಿಸಂ" ಅಂತ ಬೈದರು. ನಿಜವಾ? ಚರ್ಚು ಇರುವುದು ಆತ್ಮದ ರಕ್ಷಣೆಗೆ ಅಲ್ವಾ?
— ಓದುಗರು, ಚಿಕ್ಕಮಗಳೂರು

ಉತ್ತರ: ಮನೆಯಲ್ಲಿರುವ ಕನ್ನಡ ಬೈಬಲ್ ತೆಗೆದು ಎರಡನೆಯ ಪುಸ್ತಕದ ಹೆಸರು ನೋಡಿ. ವಿಮೋಚನಾಕಾಂಡ. ಬಿಟ್ಟಿ ಚಾಕರಿ ಮಾಡುತ್ತಾ, ಇಟ್ಟಿಗೆ ಹೊರುತ್ತಾ, ಏಟು ತಿನ್ನುತ್ತಾ ಇದ್ದವರ ಗೋಳು ದೇವರ ಕಿವಿಗೆ ಬಿದ್ದ ಕಥೆ ಅದು. ಸತ್ತ ಮೇಲೆ ಸ್ವರ್ಗ ಕೊಡುತ್ತೇನೆ, ಸುಮ್ನೆ ಸಹಿಸಿಕೊಳ್ಳಿ ಅಂತ ದೇವರು ಹೇಳಲಿಲ್ಲ. ಮೋಶೆಯನ್ನು ಫರೋಹನ ಹತ್ತಿರ ಕಳಿಸಿದ. ಯೇಸು ತನ್ನೂರು ನಜರೇತಿನಲ್ಲಿ ಎದ್ದು ನಿಂತು ಓದಿದ್ದೂ ಬಡವರಿಗೆ ಶುಭಸಂದೇಶ, ಸೆರೆಯವರಿಗೆ ಬಿಡುಗಡೆ ಅನ್ನುವ ಮಾತನ್ನೇ; ಲೂಕನ 4ನೇ ಅಧ್ಯಾಯದಲ್ಲಿದೆ.

ಬಡವರ ಬಿಡುಗಡೆಯೂ ದೇವರ ಕೆಲಸವೇ ಅನ್ನುವ ಈ ಚಿಂತನೆಗೆ ವಿಮೋಚನಾ ದೈವಶಾಸ್ತ್ರ ಅನ್ನುವ ಹೆಸರು ಬಂದದ್ದು ಪೆರು ದೇಶದ ಪಾದ್ರಿ ಗುಸ್ತಾವೊ ಗುಟಿಯೆರೆಸ್ ಅವರ 1971ರ ಪುಸ್ತಕದಿಂದ. ಲಿಮಾ ನಗರದ ಬಡವರ ನಡುವೆ ಸೇವೆ ಮಾಡಿದವರು ಅವರು. ಬಡತನ ಹಣೆಬರಹವಲ್ಲ, ಮನುಷ್ಯರು ಮಾಡಿದ್ದು, ಹಾಗಾಗಿ ಮನುಷ್ಯರೇ ಬದಲಾಯಿಸಬಹುದು ಅನ್ನುವುದು ಅವರ ವಾದದ ತಿರುಳು. ಇದರಲ್ಲಿ ಆತ್ಮದ ಮಾತು ಬಿಟ್ಟುಹೋಗಿದೆ ಅಂತ ನನಗಂತೂ ಅನ್ನಿಸುವುದಿಲ್ಲ.

ಕಮ್ಯುನಿಸಂ ಅನ್ನುವ ದೂರು ಹಳೆಯದು. 1984ರಲ್ಲಿ ವ್ಯಾಟಿಕನ್ ಕೂಡ ಮಾರ್ಕ್ಸ್‌ವಾದದ ವಿಚಾರಗಳನ್ನು ಪರೀಕ್ಷಿಸದೆ ಎತ್ತಿಕೊಳ್ಳಬೇಡಿ ಅಂತ ಎಚ್ಚರಿಸಿತು. ಆದರೆ ಬಡವರ ಪರ ನಿಲ್ಲುವುದನ್ನು ಬಿಡಿ ಅಂತ ಅದು ಹೇಳಲಿಲ್ಲ.

ಆ ಹಿರಿಯರಿಗೆ ಆಸ್ಕರ್ ರೊಮೆರೊ ಬಗ್ಗೆ ಹೇಳಿ. 1977ರಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರಿನ ರಾಜಧಾನಿಗೆ ಮಹಾಧರ್ಮಾಧ್ಯಕ್ಷರಾದಾಗ (ಆರ್ಚ್‌ಬಿಷಪ್) ಅವರದು ಸಂಪ್ರದಾಯದ ಸ್ವಭಾವ, ಯಾರಿಗೂ ತೊಂದರೆ ಕೊಡುವವರಲ್ಲ ಅಂತ ಶ್ರೀಮಂತರು ನೆಮ್ಮದಿಯಾಗಿದ್ದರು. ಒಂದು ತಿಂಗಳೂ ಆಗಿರಲಿಲ್ಲ, ರೈತಕೂಲಿಗಳ ಜೊತೆ ಕೆಲಸ ಮಾಡುತ್ತಿದ್ದ ಅವರ ಗೆಳೆಯ ಫಾದರ್ ರುಟಿಲಿಯೊ ಗ್ರಾಂಡೆಯನ್ನು ದಾರಿಯಲ್ಲೇ ಗುಂಡಿಟ್ಟು ಕೊಂದರು. ಜೊತೆಗಿದ್ದ ಒಬ್ಬ ಮುದುಕ, ಒಬ್ಬ ಹುಡುಗನೂ ಸತ್ತರು. ಅಲ್ಲಿಂದ ರೊಮೆರೊ ಬೇರೆಯೇ ಮನುಷ್ಯ. ಕೊಲೆಯಾದವರ, ಕಾಣೆಯಾದವರ ಹೆಸರುಗಳನ್ನು ಅವರು ಭಾನುವಾರದ ಪ್ರಬೋಧನೆಯಲ್ಲೇ ಓದುತ್ತಿದ್ದರು, ರೇಡಿಯೊದಲ್ಲಿ ಇಡೀ ದೇಶ ಕೇಳುತ್ತಿತ್ತು. 1980ರ ಮಾರ್ಚ್ 23ರಂದು ಸೈನಿಕರಿಗೇ ನೇರವಾಗಿ, "ದೇವರ ಹೆಸರಲ್ಲಿ ಆಜ್ಞಾಪಿಸುತ್ತೇನೆ, ಕೊಲ್ಲುವುದನ್ನು ನಿಲ್ಲಿಸಿ" ಅಂದರು. ಮಾರನೇ ಸಂಜೆ ಆಸ್ಪತ್ರೆಯೊಂದರ ಪ್ರಾರ್ಥನಾಮಂದಿರದಲ್ಲಿ ಬಲಿಪೂಜೆ (ಮಾಸ್) ಮಾಡುತ್ತಿದ್ದಾಗ ಅವರ ಎದೆಗೆ ಗುಂಡು ಹೊಡೆದು ಕೊಂದರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಪ್ರಶ್ನೆ: ಇದು ಲ್ಯಾಟಿನ್ ಅಮೆರಿಕದ ಸಂಗತಿ ಆಯಿತು. ನಮ್ಮಲ್ಲಿ?
— ಇನ್ನೊಬ್ಬ ಓದುಗರು, ಕೋಲಾರ

ಉತ್ತರ: ನಮ್ಮಲ್ಲಿ ಬಡತನದ ಬುಡದಲ್ಲಿ ಜಾತಿ ಇದೆ, ಅದಕ್ಕೇ ಇಲ್ಲಿ ಹುಟ್ಟಿದ್ದು ದಲಿತ ದೈವಶಾಸ್ತ್ರ. ಅದರ ಮೊದಲ ಮಾತುಗಳು ಕೇಳಿದ್ದು ಬೆಂಗಳೂರಿನಲ್ಲೇ, 1981ರಲ್ಲಿ, ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣದಲ್ಲಿ. ಭಾರತದ ಕ್ರೈಸ್ತ ಚಿಂತಕರು ವೇದಾಂತದ ಜೊತೆ ಜಾಸ್ತಿ ಮಾತಾಡಿದರು, ಚರ್ಚಿನ ಬೆಂಚಿನಲ್ಲಿ ಕೂತ ದಲಿತರ ನೋವಿನ ಜೊತೆ ಮಾತಾಡಲಿಲ್ಲ ಅನ್ನುವುದು ಅವರ ತಕರಾರು. ಸರಿಯಾದ ತಕರಾರು. ದೀಕ್ಷಾಸ್ನಾನ ಆದ ಮೇಲೂ ಜಾತಿ ಹೋಗಲಿಲ್ಲ. ತಮಿಳುನಾಡಿನ ಕೆಲವು ಕಡೆ ಸತ್ತ ಮೇಲೆ ಹೂಳುವ ಜಾಗವೂ ಬೇರೆ ಬೇರೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯವರಲ್ಲ. ನಿಮ್ಮ ಚರ್ಚಿನಲ್ಲಿ ಯಾರು ಯಾವ ಸಾಲಿನಲ್ಲಿ ಕೂರುತ್ತಾರೆ, ಸಮಿತಿಯಲ್ಲಿ ಯಾರಿದ್ದಾರೆ, ಈ ಭಾನುವಾರ ಸ್ವಲ್ಪ ಗಮನಿಸಿ ನೋಡಿ, ಆಮೇಲೆ ನನಗೆ ಬರೆಯಿರಿ.